ಗೋರ್ಖಾದ ಗುಡ್ಡದ ಮೇಲೊಂದು ಶಾಲೆ

ಪರದೇಶವೆಂದರೆ ನಮ್ಮ ಜಿಲ್ಲೆಯವರಿಗೆ ದುಡಿಯಲು ಹೋಗುವ ಊರು. ದುಬಾಯಿ, ಅಬುಧಾಬಿ, ದೋಹಾ, ಮಸ್ಕತ್ತು ಎಂದರೆ ಸಾಕು, ಯಾವ ಮನೆಯಲ್ಲಿ ಕೇಳಿದರೂ ಒಬ್ಬರಲ್ಲ ಒಬ್ಬರು ಅಲ್ಲಿರುವವರೇ. ಸಂಬಳ ತರುವುದನ್ನು ಬಿಟ್ಟು, ಕೈಯಿಂದಲೇ ಖರ್ಚು ಮಾಡಿಕೊಂಡು, ಮಕ್ಕಳು ಮರಿಗಳ ಸಮೇತ ಕಲ್ಲು ಮಣ್ಣು ಹೊರುವುದಕ್ಕೆ ಪರದೇಶಕ್ಕೆ ಹೊರಟಿದ್ದೇವೆ ಎಂದಾಗ ನೆರೆಕರೆಯವರು ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ. 2017ರ ಬೇಸಿಗೆ ರಜೆಯಲ್ಲಿ ನಾವು ಹೋದದ್ದು ನೇಪಾಳದ ಗೋರ್ಖಾ ಜಿಲ್ಲೆಗೆ. ಅಲ್ಲಿನ ಒಂದು ಗುಡ್ಡದೂರಿನ ಪ್ರಾಥಮಿಕ ಶಾಲೆಯ ದುರಸ್ತಿಯಲ್ಲಿ 22 ದಿನ ಕೈಜೋಡಿಸಿ ಬಂದೆವು.

ನಾವೆಂದರೆ ಐವರು. ಗಂಡ, ಹೆಂಡತಿ, ಒಂಬತ್ತನೆಯ ತರಗತಿ ಮುಗಿಸಿದ ಮಗಳು, ಆರನೆಯದು ಮುಗಿಸಿದ ಮಗ, ಜತೆಗೆ ಮರದ ಕೆಲಸ ಬಲ್ಲ ಭಾವ. ಐವರಲ್ಲಿ ಕೈಕಸುಬು ತಿಳಿದವರು ಭಾವ ಒಬ್ಬರೇ. ಉಳಿದವರಿಗೆ ಸೀಮೆಸುಣ್ಣ, ಸೌಟು, ಪೆನ್ನು ಇವುಗಳ ಅಭ್ಯಾಸ ಮಾತ್ರ.

ಈ ನಂಟು ಬೆಳೆದದ್ದು ನಮ್ಮ ಪೇಟೆಯ ಒಂದು ಹೋಟೆಲಿನಲ್ಲಿ. ಅಲ್ಲಿ ಹತ್ತು ವರ್ಷ ದೋಸೆ ಹುಯ್ದ ಗೋರ್ಖಾದ ಯುವಕನೊಬ್ಬ 2015ರಲ್ಲಿ ಊರಿಗೆ ಓಡಿದವನು ಮರಳಿ ಬರಲಿಲ್ಲ. ಮನೆ ಬಿದ್ದಿತ್ತು, ಮಕ್ಕಳ ಶಾಲೆಯೂ ಬಿದ್ದಿತ್ತು. ಆಗಾಗ ಫೋನು ಮಾಡುತ್ತಿದ್ದವನು ಒಮ್ಮೆ, 'ಶಾಲೆಯ ಗೋಡೆ ಎದ್ದಿದೆ, ಮಾಡೂ ಆಗಿದೆ, ಆದರೆ ಒಳಗಿನ ಕೆಲಸಕ್ಕೆ ಊರಲ್ಲಿ ಗಂಡಾಳುಗಳೇ ಇಲ್ಲ' ಎಂದ. ಆ ಮಾತೇ ನಮ್ಮನ್ನು ಹೊರಡಿಸಿತು.

ಆ ಶನಿವಾರ

ನೇಪಾಳದಲ್ಲಿ ವಾರದ ರಜೆ ಶನಿವಾರ. 2015ರ ಏಪ್ರಿಲ್ 25 ಶನಿವಾರವಾಗಿತ್ತು. ಅಂದು ಹಗಲು 11 ಗಂಟೆ 56 ನಿಮಿಷಕ್ಕೆ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಪ್ರದೇಶದಲ್ಲಿ ಹುಟ್ಟಿದ 7.8 ಪ್ರಮಾಣದ ಭೂಕಂಪ ನಡು ನೇಪಾಳವನ್ನೆಲ್ಲ ಕುಲುಕಿತು. ಮೇ 12ರಂದು 7.3 ಪ್ರಮಾಣದ ಮತ್ತೊಂದು ಕಂಪನವಾಯಿತು. ಸತ್ತವರು ಒಂಬತ್ತು ಸಾವಿರದಷ್ಟು. 8,000ಕ್ಕೂ ಹೆಚ್ಚು ಸಾರ್ವಜನಿಕ ಶಾಲೆಗಳಿಗೆ ಹಾನಿಯಾಯಿತು. ಪೂರ್ತಿ ನೆಲಸಮವಾದ ತರಗತಿ ಕೋಣೆಗಳೇ 25,000ದಷ್ಟು. ಅದೇ ಕಂಪನ ಒಂದು ದಿನ ಮೊದಲು, ಶುಕ್ರವಾರ, ಅದೇ ಹೊತ್ತಿಗೆ ಬಂದಿದ್ದರೆ ಆ ಕೋಣೆಗಳಲ್ಲಿ ಮಕ್ಕಳಿರುತ್ತಿದ್ದರು. ನೇಪಾಳದ ತಾಯಂದಿರು ಈ ಮಾತನ್ನು ಇಂದಿಗೂ ಮೆಲ್ಲನೆ ಆಡುತ್ತಾರೆ.

ಬಿದ್ದ ಶಾಲೆಗಳಲ್ಲಿ ಬಹಳಷ್ಟು ಕಾಡುಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದವು. ಗೋಡೆ ನೋಡಲು ಒಂದೂವರೆ ಅಡಿ ದಪ್ಪವಿರುತ್ತದೆ. ಆದರೆ ಅದು ಒಂದು ಗೋಡೆಯಲ್ಲ. ಹೊರಮೈಗೊಂದು, ಒಳಮೈಗೊಂದು ಸಾಲು ಕಲ್ಲಿಟ್ಟು ನಡುವೆ ಚೂರುಕಲ್ಲು ತುಂಬಿದ ಎರಡು ಗೋಡೆ. ನೆಲ ಕುಲುಕಿದಾಗ ನಡುವಿನ ಚೂರು ಕೆಳಕ್ಕೆ ಜಾರುತ್ತದೆ, ಎರಡು ಮೈಗಳು ಒಂದನ್ನೊಂದು ಬಿಟ್ಟು ಹೊಟ್ಟೆ ಬಂದಂತೆ ಉಬ್ಬಿ ಕುಸಿಯುತ್ತವೆ. ಮೇಲಿನ ಮುಕ್ಕೋನದ ಗೋಡೆ ಎಲ್ಲಕ್ಕಿಂತ ಮೊದಲು ಬೀಳುತ್ತದೆ.

ಇದಕ್ಕೆ ಮದ್ದು ಹೊಸದೇನಲ್ಲ. ಗೋಡೆಯ ಪೂರ್ತಿ ದಪ್ಪಕ್ಕೆ ಅಡ್ಡಲಾಗಿ ಅಲ್ಲಲ್ಲಿ ಉದ್ದಗಲ್ಲು ಇಡಬೇಕು. ತಳಪಾಯದ ಮೇಲೆ, ಕಿಟಕಿಯ ಕೆಳಗೆ, ಬಾಗಿಲಿನ ಮೇಲೆ, ಮಾಡಿನ ಬುಡಕ್ಕೆ, ಹೀಗೆ ಸುತ್ತಲೂ ಎಲ್ಲಿಯೂ ಕಡಿಯದ ಪಟ್ಟಿ ಬರಬೇಕು. ಅದು ಮರದ್ದಾದರೂ ಸರಿ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನದಾದರೂ ಸರಿ. ಮುಕ್ಕೋನಕ್ಕೆ ಕಲ್ಲು ಬೇಡ, ಹಗುರವಾದ ತಗಡು ಸಾಕು. ಬುಟ್ಟಿಗೆ ಕಟ್ಟು ಹೇಗೋ ಗೋಡೆಗೆ ಈ ಪಟ್ಟಿ ಹಾಗೆ. ಕಾಠ್ಮಂಡು ಕಣಿವೆಯಲ್ಲಿ ಇಂಥ ಕ್ರಮದಿಂದ ಶಾಲೆಗಳನ್ನು ಬಲಪಡಿಸುವ ಕೆಲಸವನ್ನು ಅಲ್ಲಿನ ಭೂಕಂಪ ತಂತ್ರಜ್ಞಾನದ ರಾಷ್ಟ್ರೀಯ ಸಂಘವು 1990ರ ದಶಕದ ಕೊನೆಯಲ್ಲೇ ಆರಂಭಿಸಿತ್ತು. ಹಾಗೆ ಬಲಪಡಿಸಿದ ಶಾಲೆಗಳು 2015ರಲ್ಲಿ ನಿಂತವು. ಮನೆ ಕಳಕೊಂಡವರಿಗೆ ಆಸರೆಯೂ ಆದವು.

ಹೋಗುವ ದಾರಿ

ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಗೋರಖಪುರ, ಮತ್ತೆ ಬಸ್ಸಿನಲ್ಲಿ ಸೋನೌಲಿ ಗಡಿ. ಭಾರತೀಯರಿಗೆ ನೇಪಾಳ ಪ್ರವೇಶಕ್ಕೆ ವೀಸಾ ಬೇಡ. 1950ರ ಒಪ್ಪಂದದಿಂದ ಬಂದ ಸೌಕರ್ಯವಿದು. ಕಮಾನು ದಾಟಿ ನಡೆದುಕೊಂಡೇ ಪರದೇಶ ಸೇರಿದಾಗ ನಮ್ಮ ಮಗ, 'ಇಷ್ಟೆಯಾ? ತಲಪಾಡಿ ಗೇಟಿನ ಹಾಗೆಯೇ ಉಂಟಲ್ಲ!' ಎಂದ. ಆದರೆ ಹಣದ ವಿಷಯದಲ್ಲಿ ಅದು ತಲಪಾಡಿಯಲ್ಲ. 2016ರ ನೋಟು ರದ್ದತಿಯ ನಂತರ ಬಂದ ನಮ್ಮ ಹೊಸ 500 ಮತ್ತು 2000ದ ನೋಟುಗಳನ್ನು ನೇಪಾಳ ಆಗ ಒಪ್ಪಿರಲಿಲ್ಲ. ನೂರರ ನೋಟುಗಳ ಕಟ್ಟನ್ನೇ ಸೊಂಟಕ್ಕೆ ಕಟ್ಟಿಕೊಂಡು ಹೋದೆವು. ನಮ್ಮ ನೂರು ರೂಪಾಯಿಗೆ ಅವರ ನೂರ ಅರುವತ್ತು. ಈ ದರ 1993ರಿಂದ ಬದಲಾಗಿಲ್ಲ.

ಐದನೆಯ ದಿನ ಬಸ್ಸು ಇಳಿದು ಎರಡು ಗಂಟೆ ಗುಡ್ಡ ಹತ್ತಿದ ಮೇಲೆ ಶಾಲೆ ಕಂಡಿತು. ನೀಲಿ ತಗಡಿನ ಮಾಡು, ಕಲ್ಲಿನ ಗೋಡೆ, ಮುಂದೆ ಚಿಕ್ಕ ಅಂಗಳ, ಅದರಾಚೆಗೆ ನೇರ ಪ್ರಪಾತ. ಪಕ್ಕದಲ್ಲಿ ಬಿದಿರು ಮತ್ತು ಟರ್ಪಾಲಿನ ಚಪ್ಪರ. 2015ರ ಮೇ 31ರಂದು ದೇಶದ ಶಾಲೆಗಳು ಮತ್ತೆ ತೆರೆದಾಗ ಹಾಕಿದ್ದು. ಆ ಚಪ್ಪರದಲ್ಲೇ 61 ಮಕ್ಕಳು ಎರಡು ಮಳೆಗಾಲ ಕಳೆದಿದ್ದರು.

ಹಣ ಕಳಿಸಿದರೆ ಸಾಲದೆ?

ನೆರೆಕರೆಯವರ ನಗೆಯ ಹಿಂದೆ ಒಂದು ನ್ಯಾಯವಾದ ಪ್ರಶ್ನೆಯಿತ್ತು. ಹೋಗಿ ಬರುವ ಖರ್ಚು ನಮಗೆ ಸುಮಾರು 16,000 ರೂಪಾಯಿ. ನೇಪಾಳದ ಹಣದಲ್ಲಿ 25,600. ನಾವಿದ್ದಾಗ ಆ ಊರಲ್ಲಿ ಕಲ್ಲು ಕಟ್ಟುವವರ ದಿನಗೂಲಿ ಸಾವಿರ. ಅಂದರೆ ನಮ್ಮ ಟಿಕೇಟಿನ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಮೇಸ್ತ್ರಿಗೆ 25 ದಿನ ಕೆಲಸ ಕೊಡಬಹುದಿತ್ತು. ಕರಣೆ ಹಿಡಿದು ಗೊತ್ತಿಲ್ಲದ ಐವರಿಗಿಂತ ಆ ಒಬ್ಬ ಮೇಸ್ತ್ರಿ ಮೇಲಲ್ಲವೆ?

ಬೇರೆ ಕಡೆಗಳಲ್ಲಿ ಈ ಲೆಕ್ಕ ಸರಿ. ಕೆಲಸವಿಲ್ಲದೆ ಕುಳಿತ ಆಳುಗಳಿರುವ ಊರಿಗೆ ಹೊರಗಿನವರು ಹೋಗಿ ಬಣ್ಣ ಬಳಿದು, ಪಟ ತೆಗೆಸಿಕೊಂಡು ಬರುವುದು ಅಲ್ಲಿನವರ ಕೂಲಿಯನ್ನು ಕಸಿದ ಹಾಗೆ. ಆದ್ದರಿಂದ ಹೊರಡುವ ಮೊದಲೇ ಶಾಲೆಯ ವ್ಯವಸ್ಥಾಪನ ಸಮಿತಿಗೆ ಬರೆದು ಕೇಳಿದೆವು: ಹಣ ಕಳಿಸೋಣವೋ, ನಾವು ಬರೋಣವೋ? ಅಲ್ಲಿಂದ ಬಂದ ಉತ್ತರ ಸರಳವಾಗಿತ್ತು. ಕಲ್ಲು ಕಟ್ಟುವವರ ಕೂಲಿಗೆ ಸರಕಾರದ ಹಣ ಬಂದಿದೆ. ಆದರೆ ಕೂಲಿ ಕೊಡುತ್ತೇವೆಂದರೂ ಆಳಿಲ್ಲ. ಊರಿನ ಗಂಡಸರಲ್ಲಿ ಹೆಚ್ಚಿನವರು ಕತಾರ್, ಸೌದಿ, ಮಲೇಷ್ಯಾಗಳಲ್ಲಿದ್ದಾರೆ. ಇದ್ದವರೆಲ್ಲ ತಮ್ಮ ತಮ್ಮ ಬಿದ್ದ ಮನೆ ಕಟ್ಟುತ್ತಿದ್ದಾರೆ. ಹೊಸ ವರ್ಷಕ್ಕೆ ಶಾಲೆ ಆರಂಭವಾಗಬೇಕು, ಬನ್ನಿ.

ಈ ಉತ್ತರ ಓದಿದಾಗ ಅದು ನಮ್ಮೂರಿನಿಂದಲೇ ಬಂದ ಕಾಗದದಂತಿತ್ತು. ಗಲ್ಫಿನ ದುಡ್ಡು ಬರುತ್ತದೆ, ಗದ್ದೆಗೆ ಇಳಿಯುವ ಆಳು ಇಲ್ಲ. ಈ ಕತೆ ನಮಗೆ ಹೊಸದೆ?

ಅಲ್ಲಿ ನಮಗೊಂದು ಸೋಜಿಗವೂ ಕಾದಿತ್ತು. ದೋಹಾದಲ್ಲಿ ಏಳು ವರ್ಷ ದುಡಿದು ಬಂದವರೊಬ್ಬರು ನಾವು ಕೇರಳದ ಕಡೆಯವರೆಂದು ಕೇಳಿ ಚೊಕ್ಕ ಮಲಯಾಳದಲ್ಲಿ ಮಾತಿಗಿಳಿದರು. ಅವರ ಕೋಣೆಯ ಜತೆಗಾರರೆಲ್ಲ ಮಲಯಾಳಿಗಳಂತೆ. ಕನ್ನಡದ ಮನೆಯವರಾದ ನಾವು ಹಿಮಾಲಯದ ಬುಡದಲ್ಲಿ ಗುರುಂಗ್ ಮನೆತನದವರೊಬ್ಬರೊಡನೆ ಮಲಯಾಳದಲ್ಲಿ ಸುಖದುಃಖ ಮಾತಾಡಿದೆವು. ಗಡಿನಾಡಿನವರಾಗಿ ಹುಟ್ಟಿದ್ದರಿಂದ ಒಂದು ಭಾಷೆ ಹೆಚ್ಚು ಬಂದದ್ದು ಅಂದು ಹೀಗೆ ಉಪಯೋಗಕ್ಕೆ ಬಂತು.

ಮಾಡಿದ ಕೆಲಸ

ಗೋಡೆಯ ಕೆಲಸಕ್ಕೆ ನಮ್ಮನ್ನು ಸೇರಿಸಲಿಲ್ಲ, ಸೇರಿಸಬಾರದು ಕೂಡ. ಸರಕಾರ ಒಪ್ಪಿದ ನಕ್ಷೆಯಂತೆ, ಇಂಜಿನಿಯರರು ಹಂತಹಂತವಾಗಿ ನೋಡಿ ಒಪ್ಪಿದ ಕಟ್ಟಡವದು. ಕಲ್ಲು ಕಟ್ಟುವವರನ್ನು ಅಲ್ಲಿ ಡಕರ್ಮಿ ಎನ್ನುತ್ತಾರೆ, ಮರಗೆಲಸದವರನ್ನು ಸಿಕರ್ಮಿ. ಭೂಕಂಪದ ನಂತರ ಹೊಸದಾಗಿ ಕಲ್ಲುಕೆಲಸ ಕಲಿಯುವವರಿಗೆ 50 ದಿನಗಳ ತರಬೇತಿ ನಡೆಯುತ್ತಿತ್ತು. ಗಂಡಸರಿಲ್ಲದ ಊರುಗಳಲ್ಲಿ ಹೆಂಗಸರು ಅದಕ್ಕೆ ಸೇರಿದ್ದರು. ನಮ್ಮ ಶಾಲೆಯ ಮೇಸ್ತ್ರಿಯೂ ಅಂಥ ಒಬ್ಬ ಹೆಣ್ಣುಮಗಳೇ. ಗಂಡ ಮಲೇಷ್ಯಾದಲ್ಲಿ, ಇಬ್ಬರು ಮಕ್ಕಳು ಅದೇ ಶಾಲೆಯಲ್ಲಿ. ನಾವೆಲ್ಲ ಅವರನ್ನು ದಿದಿ ಎಂದೆವು, ಅವರು ಹೇಳಿದ್ದನ್ನು ಮಾಡಿದೆವು.

ಬೆಳಗ್ಗೆ ಆರಕ್ಕೆ ಚಹಾ, ಒಂಬತ್ತೂವರೆಗೆ ಅನ್ನ ಬೇಳೆಸಾರು, ಮತ್ತೆ ಸಂಜೆಯ ತನಕ ಕೆಲಸ. ಕೆಳಗಿನ ತೋಡಿನಿಂದ ಹೊಯಿಗೆ ಹೊತ್ತು ತರುವುದು ಮೊದಲ ವಾರದ ಕೆಲಸ. ಡೋಕೋ ಎಂಬ ಬಿದಿರಿನ ಬುಟ್ಟಿಯನ್ನು ಬೆನ್ನಿಗಿಟ್ಟು, ಅದರ ಹಗ್ಗದ ಪಟ್ಟಿಯನ್ನು ಹಣೆಗೆ ಕೊಟ್ಟು ಏರಬೇಕು. ಅರುವತ್ತರ ಅಜ್ಜಿಯರು ಎರಡು ಸಲ ಹೋಗಿ ಬರುವಷ್ಟರಲ್ಲಿ ನಮ್ಮದು ಒಂದು ಸಲ. ತಲೆಯ ಮೇಲೆ ಹೊರುವ ಅಭ್ಯಾಸದ ನಮಗೆ ಹಣೆಯಿಂದ ಹೊರುವುದು ಒಗ್ಗಲು ನಾಲ್ಕು ದಿನ ಬೇಕಾಯಿತು.

ಎರಡನೆಯ ವಾರ ನೆಲಕ್ಕೆ ಗಾರೆ, ಒಳಗೋಡೆಗೆ ಗಿಲಾವು, ಹಿಂಬದಿಯಲ್ಲಿ ಮಳೆನೀರು ಹೋಗುವ ಕಣಿ. ಈ ಕಣಿ ತೋಡಿದ ಶ್ರೇಯ ನಮ್ಮ ಮಗನಿಗೂ ಅವನ ವಯಸ್ಸಿನ ಮೂವರು ಹುಡುಗರಿಗೂ ಸಲ್ಲಬೇಕು. ಗುಡ್ಡದ ನೀರು ಗೋಡೆಯ ಬುಡಕ್ಕೆ ಬಾರದಂತೆ ತಿರುಗಿಸದಿದ್ದರೆ ಎಂಥ ಪಟ್ಟಿ ಹಾಕಿದ ಗೋಡೆಯೂ ತಳದಲ್ಲಿ ಸಡಿಲಾಗುತ್ತದೆ ಎಂದು ದಿದಿ ಹೇಳಿದರು. ಆಟಿಯ ಮಳೆ ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾವನವರದು ಬೇರೆಯೇ ಶಾಲೆ. ಬಿದ್ದ ಹಳೆಯ ಕಟ್ಟಡದ ತೊಲೆ, ಬಾಗಿಲುಗಳನ್ನು ಊರವರು ಒಂದೂ ಬಿಡದೆ ರಾಶಿ ಹಾಕಿದ್ದರು. ಅದರಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಉಳಿ ಬಾಚಿಗಳಿಂದಲೇ 14 ಬೆಂಚು, 14 ಡೆಸ್ಕು ಮಾಡಿದರು. ಇಬ್ಬರು ಹುಡುಗರು ಜತೆಗೆ ನಿಂತು ಕೆಲಸ ಕಲಿತರು. ನಾವು ಮರಳಿದ ಮೇಲೆ ಅವರೇ ಇನ್ನೂ ಆರು ಬೆಂಚು ಮಾಡಿದರೆಂದು ಫೋನು ಬಂತು. ನಮ್ಮ ಇಡೀ ಯಾತ್ರೆಯಲ್ಲಿ ಅತಿ ಹೆಚ್ಚು ಬಾಳಿಕೆಯ ಕೆಲಸ ಇದೇ ಎಂದು ನಮ್ಮ ಎಣಿಕೆ.

ಕೊನೆಗೆ ಬಣ್ಣ. ಪೇಟೆಯಿಂದ ತರುವಾಗ ಸೀಸವಿಲ್ಲದ ಬಣ್ಣವನ್ನೇ ಕೇಳಿ ತಂದೆವು. ಸೀಸ ಮಕ್ಕಳ ಬುದ್ಧಿ ಬೆಳವಣಿಗೆಗೆ ಕೆಡುಕು. ಬಣ್ಣದಲ್ಲಿ ಅದು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ನೇಪಾಳ 2014ರಲ್ಲೇ ನಿಯಮ ಮಾಡಿತ್ತು.

ಹೊಸ ವರ್ಷ, ಹೊಸ ತರಗತಿ

ನೇಪಾಳದ ಪಂಚಾಂಗ ವಿಕ್ರಮ ಸಂವತ್ಸರದ್ದು. 2017ರ ಏಪ್ರಿಲ್ 14ರಂದು ಅವರಿಗೆ 2074 ಹುಟ್ಟಿತು. ಅದೇ ನಮ್ಮ ಬಿಸು. ಕಣಿಗೆ ಇಡಲು ಸೌತೆಕಾಯಿ, ಗೇರುಹಣ್ಣು ಇರಲಿಲ್ಲ. ಅಲ್ಲಿನ ಆಮಾ ಒಬ್ಬರು ಕೊಟ್ಟ ಅಕ್ಕಿ, ಗುರಾಂಸ್ ಎಂಬ ಕೆಂಪು ಹೂ, ಒಂದು ಕನ್ನಡಿ ಇಷ್ಟರಲ್ಲೇ ಕಣಿ ಕಂಡೆವು. ವೈಶಾಖದಲ್ಲಿ ಅಲ್ಲಿ ಶಾಲಾ ವರ್ಷದ ಆರಂಭ. ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸುವ ಕೆಲಸಕ್ಕೆ ಹೆಡ್ ಸರ್ ಜತೆ ನಾವೂ ಹೋದೆವು.

ಆಗಲೇ ನಮಗೆ ಆ ಶಾಲೆಯ ನಿಜವಾದ ಕಷ್ಟ ತಿಳಿದದ್ದು. ಗೋಡೆ ಬಿದ್ದದ್ದು ಒಂದು ಕಷ್ಟ. ಕೆಳಗಿನ ಪೇಟೆಯಲ್ಲಿ ಇಂಗ್ಲಿಷ್ ಕಲಿಸುವ ಖಾಸಗಿ ಶಾಲೆಗಳಿವೆ. ಅವನ್ನು ಅಲ್ಲಿ ಬೋರ್ಡಿಂಗ್ ಎನ್ನುತ್ತಾರೆ. ಗಲ್ಫಿನ ದುಡ್ಡು ಬರುವ ಮನೆಯವರು ಮಕ್ಕಳ ಸಲುವಾಗಿ ಪೇಟೆಯಲ್ಲಿ ಕೋಣೆ ಹಿಡಿದು ತಾಯಿ ಮಕ್ಕಳು ಅಲ್ಲಿಗೆ ಇಳಿಯುತ್ತಾರೆ. ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳನ್ನು ಬೇರೆ ಶಾಲೆಯೊಡನೆ ವಿಲೀನ ಮಾಡುವ ನೀತಿ ಅಲ್ಲಿದೆ. ಶಾಲೆ ಹೋದರೆ ಊರಿನಲ್ಲಿ ಉಳಿಯಲು ಇದ್ದ ಕೊನೆಯ ಕಾರಣವೂ ಹೋಯಿತು. 'ಚಪ್ಪರದಲ್ಲಿ ಕೂರುವ ಶಾಲೆಗೆ ಯಾರು ಕಳಿಸುತ್ತಾರೆ ದಾಜು? ಬೆಂಚು ಕಂಡರೆ ಇನ್ನೊಂದು ವರ್ಷ ನೋಡೋಣ ಎನ್ನುತ್ತಾರೆ' ಎಂದರು ಹೆಡ್ ಸರ್. ಆ ಹದಿನಾಲ್ಕು ಬೆಂಚಿನ ಬೆಲೆ ಅಂದು ನಮಗೆ ತಿಳಿಯಿತು.

ಇನ್ನೊಂದು ವಿಷಯ ನಮ್ಮ ಓದುಗರಿಗೆ ವಿಶೇಷವಾಗಿ ಹೇಳಬೇಕು. ಆ ಊರಿನ ಅಜ್ಜ ಅಜ್ಜಿಯರ ಮಾತು ಗುರುಂಗ್. ಶಾಲೆಯ ಮಾತು ನೇಪಾಳಿ. ಮಕ್ಕಳು ಅಜ್ಜಿಗೆ ನೇಪಾಳಿಯಲ್ಲೇ ಉತ್ತರ ಕೊಡುತ್ತಾರೆ. 2021ರ ಜನಗಣತಿಯಂತೆ ನೇಪಾಳದಲ್ಲಿ 124 ಮಾತೃಭಾಷೆಗಳಿವೆ. 2015ರ ಅವರ ಸಂವಿಧಾನ ಅವೆಲ್ಲವನ್ನೂ ರಾಷ್ಟ್ರಭಾಷೆಗಳೆಂದು ಕರೆದಿದೆ, ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯುವ ಹಕ್ಕನ್ನೂ ಬರೆದಿದೆ. ಆದರೆ ಗುರುಂಗ್ ಭಾಷೆಯ ಪಾಠಪುಸ್ತಕವಾಗಲಿ, ಕಲಿಸುವ ಮಾಸ್ತರರಾಗಲಿ ಆ ಶಾಲೆಯಲ್ಲಿ ನಮಗೆ ಕಾಣಲಿಲ್ಲ. 1956ರ ನವೆಂಬರ್ 1ರಿಂದ ಹಕ್ಕು ಕಾಗದದಲ್ಲಿರುವುದಕ್ಕೂ ತರಗತಿಯಲ್ಲಿರುವುದಕ್ಕೂ ಇರುವ ಅಂತರವನ್ನು ನೋಡುತ್ತ ಬಂದ ಕಾಸರಗೋಡಿನ ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಗಳು ಶಾಲೆಯಲ್ಲಿ ಕಲಿತ ಹಿಂದಿಯ ಬಲದಿಂದ ಅಲ್ಲಿನ ಅಕ್ಷರ ಓದುತ್ತಿದ್ದಳು. ಒಂದು ಸಂಜೆ ಇಬ್ಬರು ಅಜ್ಜಿಯರನ್ನು ಅಂಗಳದಲ್ಲಿ ಕೂರಿಸಿ, ಅವರು ಹೇಳಿದ ಗುರುಂಗ್ ಮಾತುಗಳನ್ನು, ನೀರು, ಬೆಂಕಿ, ಕಲ್ಲು, ಹಾದಿ, ಹೀಗೆ ಒಂದೊಂದಾಗಿ ದೇವನಾಗರಿಯಲ್ಲಿ ಬರೆದು ಗೋಡೆಗೆ ಹಚ್ಚಿದಳು. ಮಕ್ಕಳು ಓದಿ ನಕ್ಕರು, ತಪ್ಪು ತಿದ್ದಿದರು. ಅದು ದೊಡ್ಡ ಕೆಲಸವೆಂದು ಹೇಳುವುದಿಲ್ಲ. ಆದರೆ ತಮ್ಮ ಮಾತನ್ನು ಶಾಲೆಯ ಗೋಡೆಯ ಮೇಲೆ ಕಂಡ ಅಜ್ಜಿಯರ ಮುಖ ನಮಗೆ ಮರೆಯದು.

ಏಪ್ರಿಲ್ 25 ಬಂತು. ಎರಡು ವರ್ಷ ತುಂಬಿದ ದಿನ. 11 ಗಂಟೆ 56 ನಿಮಿಷಕ್ಕೆ ಎಲ್ಲರೂ ಕೆಲಸ ನಿಲ್ಲಿಸಿ ಅಂಗಳದಲ್ಲಿ ನಿಂತರು. ಆಮೇಲೆ ದಿದಿ ಕರಣೆ ಎತ್ತಿಕೊಂಡು, ಉಳಿದಿದ್ದ ಮೆಟ್ಟಿಲ ಕೆಲಸಕ್ಕೆ ಹೋದರು.

ಈ ದಾರಿ ಹಳೆಯದು

ಪರದೇಶದವರು ಬಂದು ಶ್ರಮದಾನ ಮಾಡುವುದು ಇಂದಿನ ಫ್ಯಾಶನ್ ಅಲ್ಲ. ಸ್ವಿಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬವರು ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಫ್ರಾನ್ಸಿನ ವೆರ್ಡೂನ್ ಬಳಿಯ ಪಾಳುಬಿದ್ದ ಹಳ್ಳಿಯೊಂದರಲ್ಲಿ ಇಂಥ ಮೊದಲ ಶಿಬಿರ ನಡೆಸಿದರು. ನಿನ್ನೆಯ ಶತ್ರುಗಳು ಕೂಡಿ ಸಲಿಕೆ ಹಿಡಿಯಲಿ ಎಂಬುದು ಅವರ ಆಶಯ. 1934ರ ಜನವರಿ 15ರಂದು ನೇಪಾಳವನ್ನೂ ಬಿಹಾರವನ್ನೂ ಭೂಕಂಪ ಕೆಡವಿದಾಗ ಅದೇ ಸೆರೆಸೋಲ್ ಬಿಹಾರಕ್ಕೆ ಬಂದು, ರಾಜೇಂದ್ರ ಪ್ರಸಾದರು ಪರಿಹಾರ ಕಾರ್ಯ ನಡೆಸುತ್ತಿದ್ದ ಕಾಲದಲ್ಲಿ, ಹಳ್ಳಿಗಳನ್ನು ಮತ್ತೆ ಕಟ್ಟುವುದರಲ್ಲಿ ಪಾಲುಗೊಂಡರು. ಅಂದು ನಮ್ಮ ದೇಶ ಪಡೆದ ನೆರವನ್ನು ಇಂದು ನಾವು ಅದೇ ಗುಡ್ಡಗಳಿಗೆ ಅಷ್ಟಿಷ್ಟು ಮರಳಿಸಿದರೆ ಅದು ಉಪಕಾರವಲ್ಲ, ಸಾಲ ತೀರಿಕೆ.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ಕರೆದರೆ ಹೋಗಿ, ಕರೆಯದೆ ಹೋಗಬೇಡಿ. ಊರಲ್ಲಿ ಆಳುಗಳಿದ್ದರೆ ಹಣವನ್ನೇ ಕಳಿಸಿ. ಹಣವನ್ನು ಸಮಿತಿಗೆ ಕೊಟ್ಟು ರಸೀದಿ ಪಡೆಯಿರಿ, ಮಕ್ಕಳ ಕೈಗೆ ನೋಟು, ಮಿಠಾಯಿ ಹಂಚಬೇಡಿ. ಗೋಡೆ, ತೊಲೆಗಳನ್ನು ಬಲ್ಲವರಿಗೆ ಬಿಡಿ. ನೇಪಾಳದಲ್ಲಿ ಭಾರತೀಯರಿಗಿರುವ ಸೌಕರ್ಯ ಬೇರೆ ದೇಶದವರಿಗಿಲ್ಲ, ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ. ಬೇರೆ ದೇಶಕ್ಕೆ ಹೋಗುವವರೂ ಆಯಾ ದೇಶದ ಕಾನೂನು ಕೇಳಿಯೇ ಹೊರಡಬೇಕು.

ನೇಪಾಳದ ಪುನರ್ನಿರ್ಮಾಣ ಪ್ರಾಧಿಕಾರ 2021ರ ಕೊನೆಗೆ ತನ್ನ ಅವಧಿ ಮುಗಿಸಿತು. ಅಷ್ಟರಲ್ಲಿ ಬಿದ್ದ ಶಾಲೆಗಳಲ್ಲಿ ಬಹುಪಾಲು ಎದ್ದಿದ್ದವು. 2023ರ ನವೆಂಬರ್ 3ರ ರಾತ್ರಿ ಪಶ್ಚಿಮದ ಜಾಜರಕೋಟದಲ್ಲಿ ನೆಲ ನಡುಗಿ 150ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಬಿದ್ದವು ಅದೇ ಕಲ್ಲು ಮಣ್ಣಿನ, ಪಟ್ಟಿಯಿಲ್ಲದ ಗೋಡೆಗಳು. ಮದ್ದು ಗೊತ್ತಿದ್ದರೂ ಎಲ್ಲ ಹಳ್ಳಿಗೂ ಅದು ತಲಪಿಲ್ಲ.

ನಮ್ಮ ಜಿಲ್ಲೆಯ ಹಳೆಯ ಕನ್ನಡ ಶಾಲೆಗಳ ಮುರಕಲ್ಲಿನ ಗೋಡೆಗೆ ಬೇರೆಯೇ ಶತ್ರುಗಳು: ಮಳೆ, ಗೆದ್ದಲು, ಮತ್ತು 'ಅನ್ ಎಕನಾಮಿಕ್' ಎಂಬ ಪಟ್ಟಿ. ಹಂಚು ಜಾರಿದ ಶಾಲೆ, ಕಾಲು ಮುರಿದ ಬೆಂಚು ನಮ್ಮ ಹತ್ತಿರದಲ್ಲೂ ಇವೆ. ಗೋರ್ಖಾದಿಂದ ಬಂದ ಮೇಲೆ ಭಾವ ಮಳೆಗಾಲಕ್ಕೆ ಮುನ್ನ ಒಂದು ವಾರವನ್ನು ನಮ್ಮೂರ ಶಾಲೆಗೆಂದು ಇಡುತ್ತ ಬಂದಿದ್ದಾರೆ. ಪಕ್ಕಾಸು ನೋಡುವುದು, ಬೆಂಚು ಬಿಗಿಮಾಡುವುದು. ಅದಕ್ಕೆ ವೀಸಾ ಬೇಡ, ರೈಲಿನ ಖರ್ಚಿಲ್ಲ. ಮೇ ತಿಂಗಳಲ್ಲಿ ಗಲ್ಫಿನಿಂದ ರಜೆಗೆ ಬರುವ ಹಳೆ ವಿದ್ಯಾರ್ಥಿಗಳು ಎರಡು ದಿನ ಕೈಜೋಡಿಸಿದರೆ ಜೂನಿನಲ್ಲಿ ಶಾಲೆ ಸೇರುವ ಮಕ್ಕಳು ನೆನೆಯದೆ ಕೂರಬಹುದು.